ಬೀರೂರಿನಿಂದ ಜಯದೇವದವರೆಗೆ

ಬೀರೂರು ಜಂಕ್ಷನ್ನಿನಲ್ಲಿ ಬೆಳಗಿನ ಹೊತ್ತು ಬೆಂಗಳೂರಿನ ರೈಲಿಗೆ ಕಾದು ನಿಂತವರನ್ನು ನೋಡಿದರೆ, ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆಂದು ಅರ್ಧಕ್ಕರ್ಧ ಊಹಿಸಬಹುದು. ಕೈಯಲ್ಲಿ ಫೈಲು ಹಿಡಿದವರು ಸರ್ಕಾರಿ ಕಚೇರಿಗೆ. ಚೀಲದ ತುಂಬ ತೆಂಗಿನಕಾಯಿ, ಅದರ ಮೇಲೊಂದು ಹೂವಿನ ಪೊಟ್ಟಣ ಇಟ್ಟುಕೊಂಡವರು ಮಗಳ ಮನೆಗೆ. ದೊಡ್ಡದೊಂದು ಪ್ಲಾಸ್ಟಿಕ್ ಕವರನ್ನು ಮಡಚದಂತೆ, ಮುದುರದಂತೆ ಎದೆಗೆ ಒತ್ತಿಕೊಂಡು ನಿಂತವರು ಆಸ್ಪತ್ರೆಗೆ. ಆ ಕವರಿನಲ್ಲಿ ಎಕ್ಸ್‌ರೇ ಇರುತ್ತದೆ, ಇ.ಸಿ.ಜಿ. ಪಟ್ಟಿ ಇರುತ್ತದೆ, ಹತ್ತು ವರ್ಷದ ಹಿಂದಿನ ಚೀಟಿಯೂ ಇರುತ್ತದೆ.

ಅಂಥ ಒಂದು ಕವರಿನ ಜೊತೆ ನಾನು ಈ ದಾರಿಯಲ್ಲಿ ಆರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ೨೦೧೪ರ ಸೆಪ್ಟೆಂಬರಿನಲ್ಲಿ, ಈಚಿನದು ೨೦೨೫ರ ನವೆಂಬರಿನಲ್ಲಿ. ಕವರು ನನ್ನದಲ್ಲ. ನಮ್ಮ ಶಾಲೆಯ ಒಬ್ಬ ಹುಡುಗಿಯದು. ಅವಳ ಹೆಸರನ್ನು ಬರೆಯುವುದಿಲ್ಲ. "ಬರೀರಿ ಸಾರ್, ಆದ್ರೆ ಹೆಸರು ಹಾಕ್ಬೇಡಿ. ಆಫೀಸಲ್ಲಿ ಒಬ್ಬೊಬ್ಬರೇ ಬಂದು ಎದೆ ಹೇಗಿದೆ ಅಂತ ಕೇಳ್ತಾರೆ" ಎಂದು ಅವಳೇ ಹೇಳಿದ್ದಾಳೆ.

ನಾನು ಕಡೂರು ಸೀಮೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ಕಾಲು ಶತಮಾನದಿಂದ ಕಪ್ಪು ಹಲಗೆಯ ಮೇಲೆ ಹೃದಯ ಬರೆಯುತ್ತಾ ಬಂದಿದ್ದೇನೆ. ನಾಲ್ಕು ಕೋಣೆ, ಮೇಲೆರಡು ಹೃತ್ಕರ್ಣ, ಕೆಳಗೆರಡು ಹೃತ್ಕುಕ್ಷಿ. ಬಲಭಾಗಕ್ಕೆ ನೀಲಿ ಸೀಮೆಸುಣ್ಣ, ಎಡಭಾಗಕ್ಕೆ ಕೆಂಪು. ಮೈಯಿಂದ ಬಂದ ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ, ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡಗಡೆಗೆ, ಎಡಗಡೆಯಿಂದ ಮಹಾಪಧಮನಿಯ ಮೂಲಕ ಮತ್ತೆ ಮೈಗೆಲ್ಲ. ಪರೀಕ್ಷೆಯಲ್ಲಿ ಚಿತ್ರಕ್ಕೆ ಇಷ್ಟು ಅಂಕ, ಭಾಗಗಳ ಹೆಸರಿಗೆ ಇಷ್ಟು ಅಂಕ. ಇಷ್ಟೆಲ್ಲ ಬರೆದವನ ಕಣ್ಣ ಮುಂದೆಯೇ, ೨೦೧೪ರ ಜೂನಿನಲ್ಲಿ, ನೀಲಿಯೂ ಕೆಂಪೂ ಬೆರೆತ ಒಂದು ಹೃದಯ ಎಂಟನೇ ತರಗತಿಗೆ ಬಂದು ಕೂತಿತ್ತು. ನನಗೆ ಕಾಣಲಿಲ್ಲ.

ಕಂಡದ್ದು ಬೇರೆ. ನಮ್ಮ ಪ್ರಯೋಗಶಾಲೆ ಮಹಡಿಯ ಮೇಲಿದೆ. ಮಕ್ಕಳೆಲ್ಲ ಧಡಧಡ ಹತ್ತಿ ಬರುತ್ತಿದ್ದರು. ಈ ಹುಡುಗಿ ಮಾತ್ರ ಎಲ್ಲರಿಗಿಂತ ಹಿಂದೆ ಬಂದು, ಮೇಲಿನ ಮೆಟ್ಟಿಲಿನ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲೂ ಅಷ್ಟೆ, ಸಾಲಿನ ಮಧ್ಯದಲ್ಲಿ ಒಂದು ತಲೆ ಕೆಳಗಿಳಿಯುತ್ತಿತ್ತು. ಎರಡು ವಾರ ನೋಡಿದೆ. ಮೂರನೇ ವಾರ ಇಡೀ ತರಗತಿಯ ಎದುರು, "ಏನಮ್ಮಾ, ಹದಿಮೂರು ವರ್ಷಕ್ಕೇ ಅಜ್ಜಿ ಆಗಿಬಿಟ್ಟೆಯಾ? ಸೋಮಾರಿ!" ಎಂದೆ. ಹುಡುಗರು ನಕ್ಕರು. ಅವಳು ಎದ್ದು ನಿಂತಳು, ತುಟಿ ಒಣಗಿತ್ತು, ಏನೂ ಹೇಳಲಿಲ್ಲ. ಹೇಳಬಾರದೆಂದು ಮನೆಯಲ್ಲಿ ತಾಕೀತಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಜುಲೈ ಕೊನೆಯಲ್ಲಿ ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬಂತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು ೨೦೧೩ರಲ್ಲಿ ಶುರುವಾದ ಯೋಜನೆ ಅದು. ಹುಟ್ಟಿದ ಮಗುವಿನಿಂದ ೧೮ ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲೋ ಶಾಲೆಯಲ್ಲೋ ತಪಾಸಣೆ ಮಾಡಿ, ದೋಷ ಕಂಡರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇಂಥ ತಪಾಸಣೆ ಎಂದರೆ ತೂಕ, ಎತ್ತರ, ಹುಳದ ಮಾತ್ರೆ ಎಂದುಕೊಂಡಿದ್ದ ನಾನು ಒಂದು ಬೆಂಚು ಹಾಕಿಸಿ ಕೊಟ್ಟು ನನ್ನ ಪಾಡಿಗೆ ಹಾಜರಿ ಬರೆಯುತ್ತಿದ್ದೆ. ವೈದ್ಯೆ ಚಿಕ್ಕ ವಯಸ್ಸಿನವರು. ಆ ಹುಡುಗಿಯ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ನಾಲಗೆ ತೋರಿಸು ಎಂದರು. ಬೆರಳುಗಳನ್ನು ಬೆಳಕಿಗೆ ಹಿಡಿದರು. ಉಗುರಿನ ಬಣ್ಣ ನೇರಳೆ, ಬೆರಳ ತುದಿಗಳು ನಗಾರಿ ಬಾರಿಸುವ ಕೋಲಿನ ಹಾಗೆ ದಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಇವಳು ಓಡಾಡಿದ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಾಳಾ?" ಎಂದು ಕೇಳಿದರು.

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಮನೆಯವರಿಗೆ ಗೊತ್ತಿತ್ತು. ಸಂಜೆ ಹೋಗಿ ವಿಚಾರಿಸಿದಾಗ ಅವಳ ತಾಯಿ ಮೊದಲು ಇಲ್ಲ ಎಂದರು, ಆಮೇಲೆ ಅತ್ತರು. ಮಗು ಹುಟ್ಟಿದ್ದು ೨೦೦೧ರ ಮಾರ್ಚಿನಲ್ಲಿ. ಹಾಲು ಕುಡಿಯುವಾಗ ಎರಡು ಗುಟುಕಿಗೊಮ್ಮೆ ಬಿಟ್ಟುಬಿಡುವುದು, ಹಣೆಯ ಮೇಲೆ ಬೆವರು, ತೂಕ ಏರದು. ಅತ್ತರೆ ಮೈ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ೨೦೦೨ರಲ್ಲಿ ಒಮ್ಮೆ ಬೆಂಗಳೂರಿಗೆ ಎತ್ತಿಕೊಂಡು ಹೋಗಿದ್ದರು. ಹೃದಯದಲ್ಲಿ ತೂತಿದೆ, ಆಪರೇಷನ್ ಆಗಬೇಕು ಎಂದಿದ್ದರಂತೆ. ಖರ್ಚು ಲಕ್ಷದ ಲೆಕ್ಕ. ಎರಡು ಎಕರೆ ತೆಂಗು, ಒಂದಿಷ್ಟು ರಾಗಿ ಹೊಲ, ಮದುವೆಗೆ ಬಂದ ತಂಗಿ. ಅಪ್ಪ ಚೀಟಿಯನ್ನು ಕವರಿನಲ್ಲಿಟ್ಟು ಕವರನ್ನು ಅಟ್ಟದ ಮೇಲಿಟ್ಟ. ಊರಮ್ಮನಿಗೆ ಹರಕೆಯಾಯಿತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ವರ್ಷ ಆ ದುಡ್ಡು ನನಗೂ ಹೊಂದುತ್ತಿರಲಿಲ್ಲ.

ಆದರೆ ಕವರು ಅಟ್ಟದ ಮೇಲಿದ್ದಾಗ ಮಗುವನ್ನು ಅವರು ಸುಮ್ಮನೆ ಬಿಟ್ಟಿರಲಿಲ್ಲ. ಆ ಮನೆಯ ಹನ್ನೆರಡು ವರ್ಷದ ಬದುಕೆಲ್ಲ ಒಂದೇ ಲೆಕ್ಕದ ಮೇಲೆ ನಡೆದಿತ್ತು: ಮಗು ಅಳಬಾರದು. ಅತ್ತು ನೀಲಿಯಾದಾಗ ಏನು ಮಾಡಬೇಕೆಂಬುದನ್ನು ಅಜ್ಜಿ ಕಂಡುಹಿಡಿದಿದ್ದಳು. ಎರಡೂ ಮಂಡಿಗಳನ್ನು ಮಡಿಸಿ, ಹೊಟ್ಟೆ ಎದೆಗೆ ಒತ್ತಿ ಹಿಡಿದು, ಭುಜದ ಮೇಲೆ ಹಾಕಿಕೊಂಡು ಓಡಾಡುವುದು. ಸ್ವಲ್ಪ ಹೊತ್ತಿಗೆ ಬಣ್ಣ ತಿಳಿಯಾಗುತ್ತಿತ್ತು. ಆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಂಥ ಮಕ್ಕಳು ನೀಲಿಗಟ್ಟಿದಾಗ ಮೊದಲು ಮಾಡಬೇಕಾದ್ದು ಮಂಡಿಯನ್ನು ಎದೆಗೆ ಒತ್ತಿ ಹಿಡಿಯುವುದೇ ಎಂದು ವೈದ್ಯರ ಪುಸ್ತಕಗಳಲ್ಲೂ ಇದೆ. ಹುಡುಗಿ ನಡೆಯಲು ಕಲಿತ ಮೇಲೆ ಅದನ್ನೇ ತಾನಾಗಿ ಮಾಡತೊಡಗಿದಳು. ನಾನು ಸೋಮಾರಿತನ ಎಂದದ್ದು ಅದನ್ನು.

ಮನೆಯಲ್ಲಿ ಎರಡು ವರ್ಷ ಚಿಕ್ಕವನೊಬ್ಬ ತಮ್ಮನಿದ್ದಾನೆ. ಅಕ್ಕನ ಚೀಲ ಹೊರುವುದು ಅವನ ಪಾಲು. ಆಟದ ಸಾಮಾನು ಅವಳು ಕೇಳಿದರೆ ಕೊಡಬೇಕು, ಜಗಳದಲ್ಲಿ ಸೋಲಬೇಕು. "ಅವಳು ಅತ್ರೆ ನಂಗೆ ಏಟು ಸಾರ್. ನಾನು ಅತ್ರೂ ನಂಗೇ ಏಟು" ಎಂದು ಅವನೊಮ್ಮೆ ಹೇಳಿದ. ನಗು ಬಂತು, ಆಮೇಲೆ ಬಹಳ ದಿನ ಆ ಮಾತು ತಲೆಯಲ್ಲಿ ಉಳಿಯಿತು. ಕಾಯಿಲೆಯ ಮಗುವಿರುವ ಮನೆಯಲ್ಲಿ ಕಾಯಿಲೆಯಿಲ್ಲದ ಮಗುವೂ ಒಂದಿರುತ್ತದೆ.

ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗಳಾಗಿ, ಬೆಂಗಳೂರಿನ ಜಯದೇವಕ್ಕೆ ಕಾಗದ ಬರೆದು ಕೊಟ್ಟರು. ಹೀಗೆ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾವು ನಾಲ್ವರೂ ಬೀರೂರಿನಲ್ಲಿ ರೈಲು ಹತ್ತಿದ್ದು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ರಜೆ ಹಾಕಿದೆ.

ಈ ದಾರಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಕಡೂರು ದಾಟಿದರೆ ಬಯಲು; ಅರಸೀಕೆರೆಯಲ್ಲಿ ಬಂಡಿ ಸ್ವಲ್ಪ ನಿಂತು ಉಸಿರು ತೆಗೆದುಕೊಳ್ಳುತ್ತದೆ, ಇಡ್ಲಿ-ವಡೆಯವರು ಹತ್ತುತ್ತಾರೆ. ಅಲ್ಲಿಂದ ಮುಂದೆ ತೆಂಗು, ತೆಂಗು, ತೆಂಗು. ತಿಪಟೂರಿನ ಹತ್ತಿರ ಗರಿಗಳ ಸಂದಿನಲ್ಲಿ ಕೊಬ್ಬರಿ ಅಟ್ಟಗಳು ಕಾಣುತ್ತವೆ. ಹುಡುಗಿ ಕಿಟಕಿಯ ಹತ್ತಿರ ಕಾಲು ಮಡಿಸಿ ಕೂತು ಸ್ಟೇಷನ್ನುಗಳ ಹೆಸರು ಓದುತ್ತಿದ್ದಳು: ಕರಡಿ, ಅರಳಗುಪ್ಪೆ, ಬಾಣಸಂದ್ರ, ಅಮ್ಮಸಂದ್ರ. ಗುಬ್ಬಿ ಬಂದಾಗ ಅವಳು ನಿದ್ದೆ ಹೋಗಿದ್ದಳು. ಆಗ ಅವಳ ತಾಯಿ ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಒಂದು ಕೇಳ್ಲಾ?" ಎಂದರು.

"ಕೇಳಮ್ಮ."

"ನಿಮಗೆ ನೆನಪಿದೆಯೋ ಇಲ್ವೋ. ಆಗ ನೀವು ಊರಿಗೆ ಹೊಸಬರು. ಗ್ರಹಣದ ದಿನ ಎಲ್ಲರನ್ನೂ ಹೊರಗೆ ಕರೆದು ತೋರಿಸಿದ್ರಲ್ಲ. ಬಸುರಿ ಹೆಂಗಸ್ರು ನೋಡಿದ್ರೂ ಏನೂ ಆಗಲ್ಲ ಅಂದಿದ್ರಿ. ನಾನೂ ನೋಡ್ದೆ. ಆಗ ನಂಗೆ ತಿಂಗಳು ನಿಂತದ್ದೇ ಗೊತ್ತಿರಲಿಲ್ಲ."

ನೆನಪಿತ್ತು. ೨೦೦೦ನೇ ಇಸವಿಯ ಜುಲೈ ೧೬ರ ಖಗ್ರಾಸ ಚಂದ್ರಗ್ರಹಣ. ಪೂರ್ಣ ಮರೆಯಾದ ಅವಧಿಯೇ ೧ ಗಂಟೆ ೪೭ ನಿಮಿಷ; ಬಹಳ ಅಪರೂಪದ್ದು. ನಮ್ಮಲ್ಲಿ ಚಂದ್ರ ಹುಟ್ಟುವಾಗಲೇ ತಾಮ್ರದ ತಟ್ಟೆಯ ಹಾಗಿದ್ದ. ಮೋಡ ಸರಿದಾಗಲೆಲ್ಲ ನಾನು ಶಾಲೆಯ ಬಯಲಿನಲ್ಲಿ ನಿಂತು, ಇಪ್ಪತ್ತೊಂಬತ್ತು ವರ್ಷದ ಉತ್ಸಾಹದಲ್ಲಿ, ಭೂಮಿಯ ನೆರಳು ಎಂದರೇನೆಂದು ಊರಿಗೆಲ್ಲ ಕೂಗಿ ಹೇಳಿದ್ದೆ. ಮೂಢನಂಬಿಕೆಯನ್ನು ಒಂದೇ ರಾತ್ರಿಯಲ್ಲಿ ಓಡಿಸಿಬಿಟ್ಟೆನೆಂದು ಹೆಮ್ಮೆಯೂ ಆಗಿತ್ತು. ಹದಿನಾಲ್ಕು ವರ್ಷ ಈ ತಾಯಿ ಬೀದಿಯಲ್ಲಿ ನನಗೆ ನಮಸ್ಕಾರ ಹೇಳುತ್ತಲೇ ಆ ರಾತ್ರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅಂದು ಹೇಳಿದ್ದೂ ಅದೇ, ಹಾಗಾಗಿ ಈಗ ಅದಕ್ಕೆ ಬೆಲೆ ಕಡಿಮೆ. ಆದ್ದರಿಂದ ಉಳಿದದ್ದನ್ನೂ ಹೇಳಬೇಕಾಯಿತು. ಮಗುವಿನ ಹೃದಯ ರೂಪುಗೊಳ್ಳುವುದು ಬಸಿರಿನ ಮೊದಲ ಎಂಟು ವಾರಗಳ ಒಳಗೆ, ಎಷ್ಟೋ ತಾಯಂದಿರಿಗೆ ಬಸಿರೆಂದೇ ಗೊತ್ತಾಗುವ ಮುಂಚೆ. ಮೊದಲು ಒಂದು ನೇರ ಕೊಳವೆ. ಅದು ಬಾಗಿ, ಸುತ್ತಿ, ನಡುವೆ ಗೋಡೆ ಎದ್ದು ನಾಲ್ಕು ಕೋಣೆಯಾಗುತ್ತದೆ. ಗೋಡೆ ಸೇರುವಾಗ ಒಂದಿಷ್ಟು ಆಚೀಚೆಯಾದರೆ ತೂತು ಉಳಿಯುತ್ತದೆ. ಆ ದಿನಗಳಲ್ಲಿ ತಾಯಿಗೆ ರುಬೆಲ್ಲಾ ಜ್ವರ ಬಂದಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಕೆಲವು ಔಷಧಗಳನ್ನು ತೆಗೆದುಕೊಂಡಿದ್ದರೆ, ವಂಶವಾಹಿಯಲ್ಲಿ ವ್ಯತ್ಯಾಸವಿದ್ದರೆ ಹಾಗಾಗಬಹುದು. ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣ ಎಂದು ಬೆರಳು ತೋರಿಸಲಾಗುವುದಿಲ್ಲ. ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ಗ್ರಹಣವಿದ್ದ ವರ್ಷದಲ್ಲೂ ಅಷ್ಟೆ, ಇಲ್ಲದ ವರ್ಷದಲ್ಲೂ ಅಷ್ಟೆ, ಗ್ರಹಣಕ್ಕೆ ಹೆದರದ ದೇಶಗಳಲ್ಲೂ ಹೆಚ್ಚುಕಡಿಮೆ ಅಷ್ಟೆ.

ತಾಯಿ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ಹೇಳಲಾರೆ. ನಿಡವಂದದ ಹತ್ತಿರ ಶಿವಗಂಗೆ ಬೆಟ್ಟ ಕಂಡಾಗ ಕೈಮುಗಿದರು.

ಮೆಜೆಸ್ಟಿಕ್ಕಿನಿಂದ ಬನ್ನೇರುಘಟ್ಟದ ಕಡೆಯ ೩೬೫ನೇ ನಂಬರಿನ ಬಸ್ಸು. ಆಗ ಆ ನಾಲ್ಕು ರಸ್ತೆಯ ಮೇಲೆ ಒಂದು ದೊಡ್ಡ ಫ್ಲೈಓವರ್ ಇತ್ತು. ೨೦೦೬ರಲ್ಲಿ ಕಟ್ಟಿದ್ದು, ಮೆಟ್ರೋಗೆಂದು ೨೦೨೦ರಲ್ಲಿ ಕೆಡವಿದರು. ಅದಕ್ಕೆ ಜಯದೇವ ಫ್ಲೈಓವರ್ ಎಂದೇ ಹೆಸರು. ಬೆಂಗಳೂರಿನಲ್ಲಿ ಕೆರೆಯ ಹೆಸರಿನ, ದೇವಸ್ಥಾನದ ಹೆಸರಿನ, ಸಿನಿಮಾ ಥಿಯೇಟರಿನ ಹೆಸರಿನ ಸ್ಟಾಪುಗಳಿವೆ. ಇಲ್ಲಿ ಒಂದು ಹೃದಯದ ಆಸ್ಪತ್ರೆಯ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿದೆ. ಸರ್ಕಾರದ ಸ್ವಾಯತ್ತ ಸಂಸ್ಥೆ ಇದು. ಒಳಗೆ ಕೂತು ಮಾತು ಕೇಳಿದರೆ ಕರ್ನಾಟಕದ ನಕ್ಷೆಯನ್ನು ಕಿವಿಯಲ್ಲೇ ಬರೆಯಬಹುದು. ಒಂದು ಬೆಂಚಿನಲ್ಲಿ ರಾಯಚೂರು, ಪಕ್ಕದಲ್ಲಿ ಮಂಡ್ಯ, ಹಿಂದಿನ ಸಾಲಿನಲ್ಲಿ ಹಾವೇರಿ. (ಈಗ ಮೈಸೂರು, ಕಲಬುರಗಿಗಳಲ್ಲೂ ಜಯದೇವದ ಶಾಖೆಗಳಿರುವುದರಿಂದ ನಕ್ಷೆ ಸ್ವಲ್ಪ ಬದಲಾಗಿರಬೇಕು.) ಮಕ್ಕಳ ವಿಭಾಗದಲ್ಲಿ ಎಲ್ಲ ತಾಯಂದಿರೂ ಒಂದೇ ಕೆಲಸ ಮಾಡುತ್ತಿದ್ದರು. ಮಗುವಿನ ಬೆರಳು ಹಿಡಿದು ಉಗುರು ನೋಡುವುದು.

ಎಕೋ ಪರೀಕ್ಷೆಯಾದ ಮೇಲೆ ವೈದ್ಯರು ಹೇಳಿದ ಹೆಸರು ಟೆಟ್ರಾಲಜಿ ಆಫ್ ಫಾಲೋ. ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ವೈದ್ಯ ಫಾಲೋ ೧೮೮೮ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರು. ನಾಲ್ಕು ದೋಷಗಳು ಒಟ್ಟಿಗೆ ಬರುತ್ತವೆ: ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಮಹಾಪಧಮನಿ ತನ್ನ ಜಾಗ ಬಿಟ್ಟು ಆ ತೂತಿನ ಮೇಲೆ ಕುಳಿತಿರುವುದು, ಬಲಗೋಡೆ ದಪ್ಪವಾಗಿರುವುದು. ಹುಟ್ಟಿನಿಂದ ಬರುವ ಹೃದಯದೋಷಗಳೆಲ್ಲ ಇಷ್ಟು ಗಂಭೀರವಲ್ಲ. ಗೋಡೆಯ ಸಣ್ಣ ತೂತುಗಳು ಎಷ್ಟೋ ಮಕ್ಕಳಲ್ಲಿ ತಾವಾಗಿ ಮುಚ್ಚಿಕೊಳ್ಳುತ್ತವೆ. ಇದು ಮುಚ್ಚಿಕೊಳ್ಳುವ ಜಾತಿಯದಲ್ಲ.

ವರಾಂಡದಲ್ಲಿ ಕೂತು ಹಳೆಯ ಕವರಿನ ಹಿಂಬದಿಗೆ ಚಿತ್ರ ಬರೆದು ಅವಳ ಅಪ್ಪನಿಗೆ ವಿವರಿಸಲು ಹೋದೆ. ಹೃತ್ಕುಕ್ಷಿ, ಪುಪ್ಪುಸ ಅಪಧಮನಿ ಎಂದು ನಾನು ಶುರುಮಾಡಿದರೆ ಅವರು ತಲೆ ಕೆರೆದುಕೊಂಡರು. ಕೊನೆಗೆ ತೋಟದ ಪೈಪಿಗೆ ಬಂದೆ. "ನಿಮ್ಮ ಮೋಟರಿನಿಂದ ಎರಡು ಕವಲು ಪೈಪು ಹೋಗಿದೆ ಅನ್ನಿ. ಒಂದರ ಬಾಯಿ ಕಿರಿದು, ನೀರು ಅತ್ತ ಹೋಗಲ್ಲ, ಎಲ್ಲ ಇನ್ನೊಂದರಲ್ಲೇ ಹರಿಯುತ್ತೆ. ಕಿರಿದಾದ ಕವಲೇ ಶ್ವಾಸಕೋಶದ್ದು. ಆಗ ಏನು ಮಾಡ್ತೀರಿ?"

"ಇನ್ನೊಂದರ ಗೇಟ್‌ವಾಲ್ ಅರ್ಧ ತಿರುಗಿಸ್ತೀನಿ" ಎಂದರು ಥಟ್ಟನೆ.

ಅದೇ. ಕುಕ್ಕರಗಾಲಿನಲ್ಲಿ ಕೂತಾಗ ತೊಡೆ, ಮಂಡಿಗಳ ರಕ್ತನಾಳಗಳು ಒತ್ತಿ ಹಿಡಿದಂತಾಗುತ್ತವೆ. ಮೈಯ ಕಡೆಗೆ ಹರಿಯುವುದು ಕಷ್ಟವಾಗಿ, ಒಂದಿಷ್ಟು ಹೆಚ್ಚು ರಕ್ತ ಕಿರಿದಾದ ದಾರಿಯಲ್ಲೇ ನುಗ್ಗಿ ಶ್ವಾಸಕೋಶ ಸೇರುತ್ತದೆ. ಆಮ್ಲಜನಕ ಏರುತ್ತದೆ, ಉಸಿರಾಟ ಹಗುರಾಗುತ್ತದೆ. ಅಪ್ಪ ಬಹಳ ಹೊತ್ತು ಆ ಚಿತ್ರ ನೋಡುತ್ತಾ ಕೂತರು. "ಹಂಗಾದ್ರೆ ಅವ್ಳು ಕೂರ್ತಿದ್ದದ್ದು ವಾಲ್ ತಿರುಗಿಸೋಕೆ" ಎಂದರು. ನಾನು ಹುಡುಗಿಯ ಹತ್ತಿರ ಹೋಗಿ, ಆ ದಿನ ಸೋಮಾರಿ ಅಂದದ್ದು ತಪ್ಪಾಯಿತಮ್ಮ ಎಂದೆ. ಅವಳು ನಾಚಿಕೊಂಡು, "ಇರ್ಲಿ ಬಿಡಿ ಸಾರ್" ಎಂದಳು.

ಸಹಿ ಹಾಕುವುದು ಸುಲಭವಾಗಲಿಲ್ಲ. ಹಣದ ಚಿಂತೆ ಈ ಸಲ ಇರಲಿಲ್ಲ. ಯೋಜನೆಯಲ್ಲಿ ಉಚಿತವಾಗಿ ಆಗುವುದಿತ್ತು. (೨೦೧೮ರಿಂದ ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕವೂ ಬಂದಿದೆ.) ತಾಯಿ ಮಾತ್ರ ಬೇಡವೆಂದರು. "ಈಗ ಕಣ್ಮುಂದೆ ಓಡಾಡ್ಕೊಂಡಿದ್ದಾಳೆ. ನಾವೇ ಕರ್ಕೊಂಡು ಬಂದು ನಾವೇ ಕಳ್ಕೊಂಡ್ರೆ?" ಅದಕ್ಕೆ ವಿಜ್ಞಾನದ ಮೇಷ್ಟರ ಹತ್ತಿರ ಉತ್ತರವಿರಲಿಲ್ಲ. ಶಸ್ತ್ರವೈದ್ಯರೂ ಅಪಾಯವಿಲ್ಲ ಎನ್ನಲಿಲ್ಲ. ಮಾಡದಿದ್ದರೆ ಇರುವ ಅಪಾಯವನ್ನೂ ಹೇಳಿದರು. ರಕ್ತ ಗಟ್ಟಿಯಾಗುತ್ತಾ ಹೋಗುತ್ತದೆ, ಮೆದುಳಿಗೆ ತೊಂದರೆಯಾಗಬಹುದು, ಈಗಾಗಲೇ ತಡವಾಗಿದೆ. ಸಾಮಾನ್ಯವಾಗಿ ಈ ಆಪರೇಷನ್ನನ್ನು ಮಗುವಿಗೆ ಒಂದು ವರ್ಷ ತುಂಬುವ ಆಸುಪಾಸಿನಲ್ಲೇ ಮಾಡಿಬಿಡುತ್ತಾರೆ. ಎಲ್ಲರೂ ಸುಮ್ಮನಿದ್ದಾಗ ಹುಡುಗಿಯೇ ವೈದ್ಯರನ್ನು ಕೇಳಿದಳು: "ಆಮೇಲೆ ಮೆಟ್ಲು ಹತ್ಬೋದಾ ಸಾರ್?" ಹತ್ತಬಹುದು ಎಂದರು. ತಾಯಿ ಅವಳ ಮುಖ ನೋಡಿದರು. ಡಿಸೆಂಬರಿಗೆ ದಿನ ಗೊತ್ತಾಯಿತು.

ಆ ಹಿಂದಿನ ರಾತ್ರಿ ಆಸ್ಪತ್ರೆಯ ಹೊರಗೆ ಟೀ ಅಂಗಡಿಯ ಹತ್ತಿರ ಅವಳ ಅಪ್ಪನಿಗೆ ನಿದ್ದೆ ಬಾರದೆ, ನನಗೂ ಬಾರದೆ, ನಾನು ಬಾಲ್ಟಿಮೋರ್ ಕಥೆ ಹೇಳಿದೆ. ೧೯೪೪ರವರೆಗೂ ಇಂಥ ಮಕ್ಕಳಿಗೆ ಮಾಡುವುದು ಏನೂ ಇರಲಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆ ಇದ್ದರು. ಕಿವಿ ಮಂದವಾದ್ದರಿಂದ ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಹೃದಯವನ್ನು ಓದುವುದನ್ನು ರೂಢಿಸಿಕೊಂಡವರು. ಶ್ವಾಸಕೋಶಕ್ಕೆ ಇನ್ನೊಂದು ಕವಲು ಜೋಡಿಸಿದರೆ ಹೇಗೆ ಎಂಬುದು ಅವರ ಯೋಚನೆ. ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲಾಲಾಕ್. ಆದರೆ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಆ ಹೊಲಿಗೆಯನ್ನು ಸಾಧಿಸಿದವನು ವಿವಿಯನ್ ಥಾಮಸ್ ಎಂಬ ಕರಿಯ ಸಹಾಯಕ. ಕಾಲೇಜು ಓದಲು ಕೂಡಿಟ್ಟ ದುಡ್ಡು ಬ್ಯಾಂಕು ಮುಳುಗಿ ಹೋಗಿತ್ತು. ೧೯೪೪ರ ನವೆಂಬರ್ ೨೯ರಂದು ಮೊದಲ ಮಗುವಿನ ಆಪರೇಷನ್ ನಡೆದಾಗ ಬ್ಲಾಲಾಕನ ಹಿಂದೆ ಒಂದು ಸ್ಟೂಲಿನ ಮೇಲೆ ನಿಂತು ಥಾಮಸ್ ದಾರಿ ಹೇಳಿಕೊಟ್ಟ. ಆ ಮಗು ಹೆಚ್ಚು ಕಾಲ ಬದುಕಲಿಲ್ಲ. ಆಮೇಲಿನ ಸಾವಿರಾರು ಮಕ್ಕಳು ಬದುಕಿದರು. ಥಾಮಸನಿಗೆ ಅದೇ ವಿಶ್ವವಿದ್ಯಾಲಯ ೧೯೭೬ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. (ಪ್ರಯೋಗಶಾಲೆಯ ಸಹಾಯಕರ ಹೆಸರನ್ನು ಪಠ್ಯಪುಸ್ತಕದಲ್ಲಿ ನಾನೆಂದೂ ಕಂಡಿಲ್ಲ.)

ಹತ್ತು ವರ್ಷದ ಮೇಲೆ, ೧೯೫೪ರಲ್ಲಿ, ಮಿನ್ನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಹೃದಯವನ್ನೇ ತೆರೆದು ತೂತು ಮುಚ್ಚಿದ. ಅವನ ಬಳಿ ಆಗ ಹೃದಯ-ಶ್ವಾಸಕೋಶದ ಯಂತ್ರವಿರಲಿಲ್ಲ. ಬಹುಪಾಲು ಆ ಮಗುವಿನ ಅಪ್ಪನನ್ನೋ ಅಮ್ಮನನ್ನೋ ಪಕ್ಕದ ಮೇಜಿನ ಮೇಲೆ ಮಲಗಿಸಿ, ಕೊಳವೆ ಜೋಡಿಸಿ, ಅವರ ಹೃದಯದಿಂದಲೇ ಮಗುವಿನ ಮೈಗೆ ರಕ್ತ ಓಡಿಸುತ್ತಿದ್ದ.

ಅಪ್ಪ ಟೀ ಲೋಟ ಕೆಳಗಿಟ್ಟರು. "ನಾಳೆ ನನ್ನೂ ಹಂಗೇ ಮಲಗಿಸ್ತಾರಾ? ನಾನು ತಯಾರು."

ಈಗ ಯಂತ್ರವಿದೆ, ಬೇಕಾಗಿಲ್ಲ ಎಂದೆ. ಅವರಿಗೆ ಸಮಾಧಾನವಾಗುವ ಬದಲು ಏನೋ ಕಳೆದುಕೊಂಡಂತಾಯಿತು. ಬೆಳಿಗ್ಗೆ ರಕ್ತನಿಧಿಯಲ್ಲಿ ಮೊದಲು ಕೈ ಚಾಚಿದವರು ಅವರೇ. ನಮ್ಮ ಶಾಲೆಯ ಹಳೆಯ ಹುಡುಗರು ನಾಲ್ವರು ಪೀಣ್ಯದ ಕಾರ್ಖಾನೆಗಳಿಗೆ ರಜೆ ಹಾಕಿ ಬಂದು ರಕ್ತ ಕೊಟ್ಟರು. ಅವರಲ್ಲಿ ಇಬ್ಬರು ಹೃದಯದ ಚಿತ್ರಕ್ಕೆ ಸೊನ್ನೆ ತೆಗೆದವರು.

ಬೆಳಿಗ್ಗೆ ಒಳಗೆ ಹೋದವಳ ಸುದ್ದಿ ಮಧ್ಯಾಹ್ನ ದಾಟಿದ ಮೇಲೆ ಬಂತು. ತೂತಿಗೆ ತೇಪೆ, ಕಿರಿದಾದ ದಾರಿಗೆ ಅಗಲ. ಮಾರನೆಯ ದಿನ ತಾಯಿಯನ್ನು ಮಾತ್ರ ಒಳಗೆ ಬಿಟ್ಟರು. ಹೊರಗೆ ಬಂದವರು ಮಾತಾಡಲಾರದೆ ತಮ್ಮ ಬೆರಳ ಉಗುರನ್ನು ನಮಗೆ ತೋರಿಸಿದರು. ನಮ್ಮ ಉಗುರಿನ ಹಾಗೇ ಆಗಿದೆ ಎಂದು ಅರ್ಥ.

ಇಲ್ಲಿಗೆ ಕಥೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ನಿಜವಾದ ಕಷ್ಟ ಊರಿಗೆ ಬಂದ ಮೇಲೆ. ಎದೆಮೂಳೆ ಕೂಡಿಕೊಳ್ಳುವವರೆಗೆ ಭಾರ ಎತ್ತಬಾರದು, ಬೀಳಬಾರದು. ಆಮೇಲೆ ಸಾಮಾನ್ಯ ಮಕ್ಕಳಂತೆ ಇರಲಿ ಎಂದು ವೈದ್ಯರು ಹೇಳಿದ್ದರು. ಸಾಮಾನ್ಯ ಎಂದರೇನು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿಮೂರು ವರ್ಷ ಅಳಿಸದೆ ಬೆಳೆಸಿದವರಿಗೆ ಈಗ ಗದರಿಸಬಹುದು ಎಂದರೆ ಹೇಗೆ? ಕೊಡ ಹೊತ್ತರೆ ತಾಯಿ ಕಿತ್ತುಕೊಳ್ಳುತ್ತಿದ್ದರು. ರಾತ್ರಿ ಎದ್ದು ಟಾರ್ಚ್ ಹಾಕಿ ಉಗುರು ನೋಡುತ್ತಿದ್ದರು. ಹುಡುಗಿ ಸಿಟ್ಟಾಗಲು ಕಲಿತಳು. ತಮ್ಮ ಚೀಲ ಹೊರುವುದನ್ನು ನಿಲ್ಲಿಸಿದ. ಒಂದು ದಿನ ಇಬ್ಬರಿಗೂ ಜಗಳವಾಗಿ ಅವನು ಹೊಡೆದ, ಅವಳು ಜೋರಾಗಿ ಅತ್ತಳು, ಮನೆಯವರೆ��್ಲ ಓಡಿ ಬಂದರು. ಅಳು ಮುಗಿಯಿತು. ಬಣ್ಣ ಬದಲಾಗಲಿಲ್ಲ. ಅಜ್ಜಿ ನಗಲು ಶುರುಮಾಡಿದಳಂತೆ.

ಶಾಲೆಯಲ್ಲಿ ಖೊಖೊ ಇದೆ. ಮುಂಚೆಯೂ ಅವಳನ್ನು ಸಾಲಿನಲ್ಲಿ ಕೂರಿಸುತ್ತಿದ್ದರು, ಕುಕ್ಕರಗಾಲು ಅವಳಿಗೆ ಇಷ್ಟವಾದದ್ದೇ. ಆದರೆ ಯಾರೂ ಅವಳಿಗೆ ಖೊ ಕೊಡುತ್ತಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಯಾರೋ ಮರೆತು ಬೆನ್ನು ತಟ್ಟಿ ಖೊ ಅಂದರು. ಅವಳು ಎದ್ದು ಓಡಿದಳು. ಯಾರನ್ನೂ ಹಿಡಿಯಲಿಲ್ಲ, ದಿಕ್ಕು ತಪ್ಪಿ ಫೌಲ್ ಆಯಿತು. ನಾನು ಮಹಡಿಯ ಕಿಟಕಿಯಲ್ಲಿದ್ದೆ.

ತಂದೆತಾಯಿಗಳಿಗೆ ಇಲ್ಲಿ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಮೈಬಣ್ಣದಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ. ನಾಲಗೆ, ಒಸಡು, ಉಗುರು ನೋಡಬೇಕು. ಹಾಲು ಕುಡಿಯುತ್ತಾ ಬೆವರುವ, ಮತ್ತೆ ಮತ್ತೆ ನ್ಯುಮೋನಿಯಾ ಆಗುವ, ತೂಕವೇ ಏರದ ಕೂಸನ್ನು ದೃಷ್ಟಿಯಾಗಿದೆ ಎಂದು ಬಿಡಬಾರದು. ಕೊರೊನಾ ಕಾಲದಲ್ಲಿ ಎಲ್ಲರ ಬೆರಳಿಗೂ ಹತ್ತಿದ ಆ ಪುಟ್ಟ ಆಕ್ಸಿಮೀಟರನ್ನು ಹುಟ್ಟಿದ ಮಗುವಿನ ಕೈಗೂ ಕಾಲಿಗೂ ಹಿಡಿದರೆ ಇಂಥ ಎಷ್ಟೋ ದೋಷಗಳು ಹೆರಿಗೆ ಆಸ್ಪತ್ರೆಯಲ್ಲೇ ಸಿಕ್ಕಿಬೀಳುತ್ತವೆ. ಆಪರೇಷನ್ ಆದ ಮಕ್ಕಳ ಹಲ್ಲು ಸ್ವಚ್ಛವಾಗಿರಬೇಕು. ಹುಳುಕು ಹಲ್ಲಿನಿಂದ ರೋಗಾಣು ರಕ್ತಕ್ಕಿಳಿದು ಹೃದಯದ ಒಳಪದರಕ್ಕೆ ಸೋಂಕು ತರಬಹುದು. ತಪಾಸಣೆ ಜೀವನಪೂರ್ತಿ. ಚೆನ್ನಾಗಿದ್ದಾಳಲ್ಲ, ಇನ್ಯಾಕೆ ಎಂದು ಎಷ್ಟೋ ಮನೆಯವರು ನಿಲ್ಲಿಸಿಬಿಡುತ್ತಾರೆ.

ಇವರು ನಿಲ್ಲಿಸಿಲ್ಲ. ೨೦೨೫ರ ನವೆಂಬರಿನಲ್ಲಿ ಅವಳೇ ಫೋನು ಮಾಡಿ, "ಸಾರ್, ಮೆಟ್ರೋದಲ್ಲಿ ಹೋಗೋಣ ಬನ್ನಿ, ನೀವು ಹಳದಿ ಲೈನ್ ನೋಡಿಲ್ವಲ್ಲ" ಎಂದಳು. ಇಪ್ಪತ್ನಾಲ್ಕು ವರ್ಷ ಈಗ, ಬಿ.ಕಾಂ. ಮಾಡಿ ಕಡೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಕವರು ಅವಳ ಕೈಯಲ್ಲೇ. ರೈಲಿನಲ್ಲಿ ನೋಡುತ್ತೇನೆ, ಒಂಬತ್ತು ಉಗುರಿಗೆ ಕೆಂಪು ಬಣ್ಣ, ಒಂದು ಖಾಲಿ. "ಆಕ್ಸಿಮೀಟರಿಗೆ ಅಂತ ಒಂದು ಬಿಟ್ಟಿದ್ದೀನಿ ಸಾರ್. ಬಣ್ಣ ಇದ್ರೆ ನರ್ಸ್ ಬೈತಾರೆ." ತಾಯಿ ಎದುರು ಸೀಟಿನಲ್ಲಿ ಕೂತು ಆ ಒಂದೇ ಉಗುರನ್ನು ದೂರದಿಂದ ನೋಡುತ್ತಿದ್ದರು.

ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಬದಲಾಯಿಸಿ ಹಳದಿ ಮಾರ್ಗ. ೨೦೨೫ರ ಆಗಸ್ಟಿನಲ್ಲಿ ಶುರುವಾದದ್ದು. ರಾಗಿಗುಡ್ಡದ ನಂತರದ ನಿಲ್ದಾಣವೇ ಜಯದೇವ ಆಸ್ಪತ್ರೆ. ಅದೇ ರೈಲಿನಲ್ಲಿ ಕೊನೆಯವರೆಗೆ ಕೂತರೆ ಬೊಮ್ಮಸಂದ್ರ, ಅಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ. ಹಾಗಾಗಿ ಈ ಡಬ್ಬಿಗಳಲ್ಲಿ ಸಾಫ್ಟ್‌ವೇರಿನವರ ಲ್ಯಾಪ್‌ಟಾಪ್ ಚೀಲಗಳ ನಡುವೆ ದೊಡ್ಡ ಪ್ಲಾಸ್ಟಿಕ್ ಕವರುಗಳೂ ಕಾಣುತ್ತವೆ. ನಿಲ್ದಾಣ ಬಹಳ ಎತ್ತರದಲ್ಲಿದೆ; ಕೆಳಗೆ ಇನ್ನೊಂದು ಅಂತಸ್ತಿನಲ್ಲಿ ವಾಹನಗಳು ಓಡುತ್ತವೆ, ಅದರ ಕೆಳಗೆ ನಾವು ಬಸ್ಸಿಳಿಯುತ್ತಿದ್ದ ಹಳೆಯ ರಸ್ತೆ. ಇಳಿಯುವಾಗ ನಾನೂ ಅವಳ ತಾಯಿಯೂ ಎಸ್ಕಲೇಟರಿನಲ್ಲಿ ಬಂದೆವು. ಅವಳು ಮೆಟ್ಟಿಲಿನಲ್ಲಿ ಇಳಿದು ನಮಗಿಂತ ಮುಂಚೆ ಕೆಳಗೆ ನಿಂತಿದ್ದಳು.

ಸುದ್ದಿ ಪೂರ್ತಿ ಸಿಹಿಯಲ್ಲ. ಶ್ವಾಸಕೋಶದ ದಾರಿಯ ಕವಾಟ ಸೋರುತ್ತಿದೆ, ಬಲ ಹೃತ್ಕುಕ್ಷಿ ಸ್ವಲ್ಪ ಹಿಗ್ಗಿದೆ. ಈ ಆಪರೇಷನ್ ಆದವರಲ್ಲಿ ವರ್ಷಗಳ ಮೇಲೆ ಹೀಗಾಗುವುದು ಸಾಮಾನ್ಯ. ಮುಂದೆಂದಾದರೂ ಹೊಸ ಕವಾಟ ಹಾಕಬೇಕಾಗಬಹುದು, ಕೆಲವರಿಗೆ ಎದೆ ತೆರೆಯದೆ ತೊಡೆಯ ನಾಳದಿಂದಲೇ ಕೂರಿಸಲೂ ಬರುತ್ತದೆ. ಸದ್ಯಕ್ಕೆ ಬೇಡ, ವರ್ಷ ಬಿಟ್ಟು ನೋಡೋಣ ಎಂದರು. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಮದುವೆ, ಮಕ್ಕಳ ಬಗ್ಗೆ ತಾಯಿ ಕೇಳಲು ಹೊರಟಾಗ, "ನಾನು ಹೋದ ವರ್ಷವೇ ಕೇಳಿದ್ದೀನಿ ಅವ್ವ. ತೊಂದ್ರೆ ಇಲ್ಲ, ಬಸುರಾಗೋ ಮುಂಚೆ ಇಲ್ಲಿ ತೋರಿಸ್ಕೋಬೇಕು ಅಷ್ಟೆ" ಎಂದಳು. ತಾಯಿ ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದರು.

ಸಂಜೆಯ ರೈಲು. ತುಮಕೂರು ದಾಟಿದ ಮೇಲೆ ಡಬ್ಬಿಯಲ್ಲಿ ದೀಪ ಹತ್ತಿತು. ಅವಳು ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಬಿಟ್ಟುಹೋದ ಉಗುರಿಗೆ ಬಣ್ಣ ಹಚ್ಚಲು ನೋಡಿದಳು. ಬಂಡಿಯ ಕುಲುಕಾಟಕ್ಕೆ ಬ್ರಷ್ಷು ಆಚೀಚೆ ಹೋಗುತ್ತಿತ್ತು. ತಾಯಿ ಎದ್ದು ಅವಳ ಪಕ್ಕಕ್ಕೆ ಬಂದು ಕೂತು, ಆ ಬೆರಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, "ಈಗ ಹಚ್ಚು" ಎಂದರು.